ಕಾರು ಸಮೇತ ಕಡಲು ದಾಟಿಸಿದ ಹೋವರ್‌ಕ್ರಾಫ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲ್ಗಾಲುವೆಯಲ್ಲಿ 1968ರಿಂದ 2000ದವರೆಗೆ ದೈತ್ಯ ಹೋವರ್‌ಕ್ರಾಫ್ಟ್‌ಗಳು ಓಡುತ್ತಿದ್ದವು. ನೂರಾರು ಜನ, ಹತ್ತಾರು ಕಾರು, ಎಲ್ಲವನ್ನೂ ಹೊತ್ತು ಅರ್ಧ ಗಂಟೆಯ ಆಸುಪಾಸಿನಲ್ಲಿ ಆಚೆ ದಡಕ್ಕೆ ಮುಟ್ಟಿಸುತ್ತಿದ್ದವು. ಹಳೆಯ ಚಿತ್ರಗಳನ್ನು ಈಗ ನೋಡುವವರಿಗೆ ಮೊದಲು ಹುಟ್ಟುವುದು ಅಚ್ಚರಿ, ಆಮೇಲೆ ಪ್ರಶ್ನೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಇದೊಂದು ಸೋತುಹೋದ ಪ್ರಯೋಗ ಎಂದು ಬರೆಯುವವರು ಬಹಳ ಜನ. ಮೂವತ್ತೆರಡು ವರ್ಷ ಸಾರ್ವಜನಿಕ ಸೇವೆ ಕೊಟ್ಟ ವಾಹನವನ್ನು ಹಾಗೆ ತಳ್ಳಿಹಾಕುವುದು ಅನ್ಯಾಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಎನ್ನುವುದು ಕೆಳಗಿನ ಉತ್ತರಗಳಲ್ಲಿದೆ.

ಇದು ಹಡಗೋ ವಿಮಾನವೋ?

ಎರಡೂ ಅಲ್ಲ. ನೀರಿಗೆ ಮೈ ತಾಗಿಸದೆ ಹೋಗುವುದರಿಂದ ಹಡಗು ಎನ್ನುವಂತಿಲ್ಲ. ನೆಲದ ಅಥವಾ ನೀರಿನ ಆಸರೆ ಬಿಟ್ಟು ಮೇಲೇರಲಾರದ್ದರಿಂದ ವಿಮಾನವೂ ಅಲ್ಲ. ತಾನೇ ಊದಿದ ಗಾಳಿಯ ಮೆತ್ತೆಯ ಮೇಲೆ ಕೂತು ಸಾಗುವ ವಾಹನ ಇದು. ಕಾನೂನಿಗೂ ಇದೇ ಗೊಂದಲ ಎದುರಾಯಿತು. ಕೊನೆಗೆ ಬ್ರಿಟನ್ 1968ರಲ್ಲಿ ಹೋವರ್‌ಕ್ರಾಫ್ಟ್‌ಗಳಿಗೆಂದೇ ಪ್ರತ್ಯೇಕ ಕಾಯಿದೆ ಮಾಡಿತು. ಅವುಗಳ ನೋಂದಣಿ ಸಂಖ್ಯೆಯೂ ಬೇರೆಯೇ, ‘ಜಿಎಚ್’ ಎಂದು ಶುರುವಾಗುತ್ತಿತ್ತು.

ಇನ್ನೂರು ಮುನ್ನೂರು ಟನ್ ತೂಕವನ್ನು ಬರೀ ಗಾಳಿ ಹೇಗೆ ಎತ್ತುತ್ತದೆ?

ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳವನ್ನು ಹಬೆ ಎತ್ತಿ, ಅಂಚಿನಿಂದ ನುಸುಳಿ ಹೊರಗೆ ಹೋಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಹಬೆಯ ಜಾಗದಲ್ಲಿ ದೊಡ್ಡ ಫ್ಯಾನುಗಳು ಕೆಳಕ್ಕೆ ತಳ್ಳುವ ಗಾಳಿ ಇರುತ್ತದೆ.

ಈ ಕೆಲಸಕ್ಕೆ ಭಾರಿ ಒತ್ತಡ ಬೇಕೆಂದು ಹಲವರು ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. ಅತಿ ದೊಡ್ಡ ಮಾದರಿಯ ಉದ್ದ 56 ಮೀಟರ್, ಅಗಲ 23 ಮೀಟರ್, ತುಂಬಿದಾಗಿನ ತೂಕ 300 ಟನ್‌ಗಿಂತ ಸ್ವಲ್ಪ ಹೆಚ್ಚು. ಅಷ್ಟು ತೂಕ ಸಾವಿರಕ್ಕೂ ಹೆಚ್ಚು ಚದರ ಮೀಟರಿನ ಮೇಲೆ ಹರಡಿದರೆ ಒಂದು ಚದರ ಮೀಟರಿಗೆ ಬೀಳುವುದು 300 ಕಿಲೋ ಚಿಲ್ಲರೆ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡದ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. ಒತ್ತಡ ಕಡಿಮೆ ಸಾಕು, ಗಾಳಿ ಮಾತ್ರ ಬಿಡುವಿಲ್ಲದೆ ಹರಿಯುತ್ತಿರಬೇಕು. ಅಂಚಿನಿಂದ ಸೋರಿಹೋಗುವಷ್ಟನ್ನೂ ಪ್ರತಿ ಕ್ಷಣ ತುಂಬುತ್ತಲೇ ಇರಬೇಕು. ಕಷ್ಟವಿರುವುದು, ಇಂಧನ ಸುಡುವುದು ಅಲ್ಲಿ.

ಇದನ್ನು ಕಂಡುಹಿಡಿದವರು ಯಾರು?

ಕ್ರಿಸ್ಟೋಫರ್ ಕಾಕರೆಲ್ ಎಂಬ ಇಂಗ್ಲಿಷ್ ಎಂಜಿನಿಯರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾರ್ಕೋನಿ ಕಂಪನಿಯಲ್ಲಿ ರಾಡಾರ್ ಕೆಲಸ ಮಾಡಿದವರು. ಆಮೇಲೆ ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ದೋಣಿ ಕಟ್ಟುವ ಸಣ್ಣ ಉದ್ದಿಮೆ ನಡೆಸುತ್ತಿದ್ದರು. ದೋಣಿಯ ಮೈಗೆ ನೀರು ಉಜ್ಜಿ ವೇಗ ಕುಗ್ಗುವುದನ್ನು ತಪ್ಪಿಸುವುದು ಹೇಗೆ ಎಂಬ ಚಿಂತೆ ಅವರನ್ನು ಹಿಡಿದಿತ್ತು. ನಡುವೆ ಗಾಳಿ ಇದ್ದರೆ ಉಜ್ಜುವುದೇ ಇಲ್ಲವಲ್ಲ ಎಂಬುದು ಯೋಚನೆ. ಇದು ಅವರಿಗಿಂತ ಮೊದಲೇ ಹಲವರ ತಲೆಗೆ ಬಂದಿತ್ತು. ಆದರೆ ಗಾಳಿ ಸೋರದಂತೆ ಹಿಡಿದಿಡುವ ದಾರಿ ಯಾರಿಗೂ ಸಿಕ್ಕಿರಲಿಲ್ಲ.

ಕಾಕರೆಲ್ ಮಾಡಿದ ಪ್ರಯೋಗ ಬಹಳ ಸರಳ. ದೊಡ್ಡ ಕಾಫಿ ಡಬ್ಬಿಯೊಳಗೆ ಬೆಕ್ಕಿನ ತಿನಿಸಿನ ಸಣ್ಣ ಡಬ್ಬಿ ಇಟ್ಟು, ಎರಡರ ನಡುವಿನ ಉಂಗುರದಂಥ ಸಂದಿಯಿಂದ ಗಾಳಿ ಊದಿ, ಕೆಳಗೆ ಅಡುಗೆಮನೆಯ ತಕ್ಕಡಿ ಇಟ್ಟರು. ಬರೀ ಕೊಳವೆಯಿಂದ ಊದಿದ್ದಕ್ಕಿಂತ ಈ ಸಂದಿಯಿಂದ ಊದಿದಾಗ ತಕ್ಕಡಿ ಹೆಚ್ಚು ಕೆಳಗಿಳಿಯಿತು. ಸುತ್ತಲಿನ ಗಾಳಿಯ ಪರದೆಯೇ ಒಳಗಿನ ಗಾಳಿಯನ್ನು ಹಿಡಿದಿಟ್ಟಿತ್ತು. 1955ರ ಕೊನೆಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು.

ಮುಂದಿನದು ಕಚೇರಿಯಿಂದ ಕಚೇರಿಗೆ ಅಲೆದಾಟ. ನೌಕಾಪಡೆಯವರು ಇದು ವಿಮಾನ ಎಂದರು, ವಾಯುಪಡೆಯವರು ಇದು ದೋಣಿ ಎಂದರು, ಭೂಸೇನೆಗೆ ಆಸಕ್ತಿಯೇ ಇರಲಿಲ್ಲ ಎಂದು ಕಾಕರೆಲ್ ಹೇಳಿಕೊಳ್ಳುತ್ತಿದ್ದರು. ಇಷ್ಟಾದರೂ ಸರ್ಕಾರ ಅದನ್ನು ರಹಸ್ಯ ಪಟ್ಟಿಗೆ ಸೇರಿಸಿಬಿಟ್ಟಿತ್ತು, ಹಾಗಾಗಿ ಖಾಸಗಿಯವರಿಗೆ ತೋರಿಸುವಂತೆಯೂ ಇರಲಿಲ್ಲ. ರಹಸ್ಯದ ಮುದ್ರೆ ತೆಗೆದ ಮೇಲೆ ಸರ್ಕಾರದ್ದೇ ಸಂಶೋಧನಾ ಅಭಿವೃದ್ಧಿ ನಿಗಮ ಹಣ ಕೊಟ್ಟಿತು. ಐಲ್ ಆಫ್ ವೈಟ್ ದ್ವೀಪದ ಕೌಸ್ ಊರಿನಲ್ಲಿ ಸಾಂಡರ್ಸ್-ರೋ ಕಂಪನಿ ‘ಎಸ್‌ಆರ್‌ಎನ್‌1’ ಎಂಬ ಮೊದಲ ವಾಹನವನ್ನು ಕಟ್ಟಿತು. 1959ರ ಜೂನ್ 11ರಂದು ಜನರೆದುರು ಅದರ ಪ್ರದರ್ಶನ ನಡೆಯಿತು. ಜುಲೈ 25ರಂದು, ಫ್ರೆಂಚ್ ವಿಮಾನಿ ಬ್ಲೇರಿಯೊ ವಿಮಾನದಲ್ಲಿ ಈ ಕಡಲ್ಗಾಲುವೆ ದಾಟಿ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಅದು ಫ್ರಾನ್ಸಿನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರ್‌ಗೆ ಎರಡು ಗಂಟೆ ಚಿಲ್ಲರೆಯಲ್ಲಿ ಬಂದಿತು. ನಡೆಸಿದವರು ಪೀಟರ್ ಲ್ಯಾಂಬ್. ಕಾಕರೆಲ್ ಕೂಡ ಅದರ ಮೇಲಿದ್ದರು. ವಾಹನದ ಸಮತೋಲ ಕಾಯಲು ಅವರು ತೆರೆದ ಮುಂಭಾಗದಲ್ಲಿ ಅತ್ತಿತ್ತ ಸರಿಯುತ್ತಾ ಬಂದರು. ತಾನು ಡಬ್ಬಿಯಲ್ಲಿ ಊದಿ ನೋಡಿದ್ದರ ಮೇಲೆ ತಾನೇ ನಿಂತು ಕಡಲು ದಾಟುವ ಭಾಗ್ಯ ಎಷ್ಟು ಸಂಶೋಧಕರಿಗೆ ಸಿಕ್ಕೀತು! 1969ರಲ್ಲಿ ಅವರಿಗೆ ‘ಸರ್’ ಪದವಿ ಬಂತು. 1999ರಲ್ಲಿ ತೀರಿಕೊಂಡರು.

ಸುತ್ತಲೂ ಇಳಿಬಿಟ್ಟಿರುವ ಕಪ್ಪು ರಬ್ಬರಿನ ಸ್ಕರ್ಟ್ ಯಾಕೆ?

ಅದಿಲ್ಲದೆ ಕಡಲಿನಲ್ಲಿ ಹೋಗುವುದು ಸಾಧ್ಯವಿರಲಿಲ್ಲ. ಮೊದಲ ಎಸ್‌ಆರ್‌ಎನ್‌1ಕ್ಕೆ ಸ್ಕರ್ಟ್ ಇರಲಿಲ್ಲ, ಅದು ನೀರಿನಿಂದ ಒಂದು ಅಡಿಯಷ್ಟೂ ಮೇಲೇರುತ್ತಿರಲಿಲ್ಲ. ಸಣ್ಣ ಅಲೆ ಬಂದರೂ ತಳಕ್ಕೆ ಬಡಿಯುತ್ತಿತ್ತು. ಸುತ್ತ ಬಾಗುವ, ಮಡಿಚಿಕೊಳ್ಳುವ ಸ್ಕರ್ಟ್ ಕಟ್ಟಿದರೆ ಗಟ್ಟಿ ಮೈ ಎತ್ತರದಲ್ಲಿ ಉಳಿಯುತ್ತದೆ, ಅಲೆ ಕೆಳಗಿನಿಂದ ಹಾದುಹೋಗುತ್ತದೆ ಎಂದು ತೋರಿಸಿಕೊಟ್ಟವರು ಸೆಸಿಲ್ ಲ್ಯಾಟಿಮರ್-ನೀಡಮ್ ಎಂಬ ಇನ್ನೊಬ್ಬ ಎಂಜಿನಿಯರ್. ಕಾಕರೆಲ್ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ಹೇಳುವವರು ಕಡಿಮೆ. ಕಾರು ಹೊರುವ ಹೋವರ್‌ಕ್ರಾಫ್ಟ್ ಬರಲು ಇಬ್ಬರೂ ಸಮಾನ ಕಾರಣ ಎಂದೇ ನಾನು ನಂಬಿದ್ದೇನೆ.

ದೊಡ್ಡ ವಾಹನಗಳ ಸ್ಕರ್ಟ್ ಮನುಷ್ಯನಿಗಿಂತ ಎತ್ತರ. ಮೇಲೆ ಗಾಳಿ ತುಂಬಿದ ಚೀಲ, ಅದರ ಕೆಳಗೆ ಒಂದರ ಪಕ್ಕ ಒಂದು ಜೋಡಿಸಿದ ಬೆರಳಿನಂಥ ತುಂಡುಗಳು. ನೈಲಾನ್ ಬಟ್ಟೆಗೆ ರಬ್ಬರ್ ಲೇಪಿಸಿ ಮಾಡಿದ್ದು. ನೀರಿಗೆ ಸದಾ ಉಜ್ಜುವುದು ಈ ಬೆರಳುಗಳೇ, ಬೇಗ ಸವೆಯುವುದೂ ಇವೇ. ಒಂದು ಹರಿದರೆ ಅಕ್ಕಪಕ್ಕದವು ಗಾಳಿಯ ಒತ್ತಡಕ್ಕೆ ಹಿಗ್ಗಿ ಆ ಸಂದಿಯನ್ನು ಮುಚ್ಚಿಕೊಳ್ಳುತ್ತವೆ. ರಾತ್ರಿ ಸೇವೆ ಮುಗಿದ ಮೇಲೆ ವಾಹನವನ್ನು ಜಾಕಿನ ಮೇಲೆ ಎತ್ತಿ, ಕೆಲಸಗಾರರು ಕೆಳಗೆ ತೂರಿ, ಸವೆದವನ್ನು ಬಿಚ್ಚಿ ಹೊಸದು ಕಟ್ಟುತ್ತಿದ್ದರು. ಬೆಳಗಿನ ಮೊದಲ ಪ್ರಯಾಣ ಸರಿಯಾಗಿ ಹೊರಡುತ್ತಿದ್ದುದು ಈ ರಾತ್ರಿಪಾಳಿಯವರಿಂದ.

ಕಾರು ಹೊರುವ ಹೋವರ್‌ಕ್ರಾಫ್ಟ್‌ಗಳು ಎಷ್ಟಿದ್ದವು? ಎಷ್ಟು ದೊಡ್ಡವು?

ಬ್ರಿಟನ್ ಕಟ್ಟಿದ್ದು ಆರು. ಎಲ್ಲವೂ ‘ಎಸ್‌ಆರ್‌ಎನ್‌4’ ಮಾದರಿ, ಎಲ್ಲವೂ ಕೌಸ್‌ನಲ್ಲಿ ತಯಾರಾದವು. ಪ್ರಿನ್ಸೆಸ್ ಮಾರ್ಗರೆಟ್, ಪ್ರಿನ್ಸೆಸ್ ಆನ್, ಸ್ವಿಫ್ಟ್, ಶೂರ್, ಸರ್ ಕ್ರಿಸ್ಟೋಫರ್, ದಿ ಪ್ರಿನ್ಸ್ ಆಫ್ ವೇಲ್ಸ್ ಎಂದು ಅವುಗಳ ಹೆಸರು. ಐದನೆಯದು ಕಾಕರೆಲ್ ಅವರ ಹೆಸರನ್ನೇ ಹೊತ್ತಿದೆ.

ಮೊದಲ ರೂಪದಲ್ಲಿ ಉದ್ದ ಸುಮಾರು 40 ಮೀಟರ್, 254 ಜನ, 30 ಕಾರು. ಎರಡನೇ ರೂಪದಲ್ಲಿ ಒಳಗಿನ ಆಸನಗಳ ಜಾಗವನ್ನು ಕಾರುಗಳಿಗೆ ಬಿಟ್ಟುಕೊಟ್ಟು, ಹೊರಬದಿಯ ಕ್ಯಾಬಿನ್ ಅಗಲಿಸಿ, 37 ಕಾರು ಮತ್ತು 280ರ ಆಸುಪಾಸು ಜನರಿಗೆ ಜಾಗ ಮಾಡಿದರು. 1970ರ ದಶಕದ ಕೊನೆಯಲ್ಲಿ ಪ್ರಿನ್ಸೆಸ್ ಆನ್ ಮತ್ತು ಪ್ರಿನ್ಸೆಸ್ ಮಾರ್ಗರೆಟ್‌ಗಳಿಗೆ ಮಾಡಿದ್ದು ಇನ್ನೂ ದೊಡ್ಡ ಶಸ್ತ್ರಕ್ರಿಯೆ. ಎರಡನ್ನೂ ನಡುವೆ ಕತ್ತರಿಸಿ, ಸುಮಾರು 17 ಮೀಟರಿನ ಹೊಸ ಭಾಗ ಕೂಡಿಸಿದರು. 418 ಜನ, 60ರ ಹತ್ತಿರ ಕಾರು ಹಿಡಿಸುವಂತಾಯಿತು. ಜನರನ್ನು ಸಾಗಿಸಿದ ಹೋವರ್‌ಕ್ರಾಫ್ಟ್‌ಗಳಲ್ಲಿ ಇಷ್ಟು ದೊಡ್ಡವು ಮತ್ತೆ ಬರಲಿಲ್ಲ.

ಎಂಜಿನ್ ಯಾವುದು?

ನಾಲ್ಕು ‘ಪ್ರೋಟಿಯಸ್’ ಗ್ಯಾಸ್ ಟರ್ಬೈನ್‌ಗಳು. ಬ್ರಿಟಾನಿಯಾ ಎಂಬ ಪ್ರಯಾಣಿಕ ವಿಮಾನದಲ್ಲಿ ಬಳಸಿದ ಎಂಜಿನ್, ಕಡಲ ಕೆಲಸಕ್ಕೆ ತಕ್ಕಂತೆ ಮಾರ್ಪಡಿಸಿದ್ದು. ಮೊದಲಿಗೆ ಒಂದೊಂದರ ಶಕ್ತಿ 3,400 ಅಶ್ವಶಕ್ತಿ, ಉದ್ದ ಹೆಚ್ಚಿಸಿದ ಮೇಲೆ 3,800. ಒಂದೊಂದು ಎಂಜಿನ್ ಎರಡು ಕೆಲಸ ಮಾಡುತ್ತಿತ್ತು: ಕೆಳಗೆ ಗಾಳಿ ಊದುವ ಫ್ಯಾನ್ ತಿರುಗಿಸುವುದು, ಮೇಲೆ ಮುಂದಕ್ಕೆ ತಳ್ಳುವ ಪ್ರೊಪೆಲ್ಲರ್ ತಿರುಗಿಸುವುದು. ಆ ಪ್ರೊಪೆಲ್ಲರ್‌ಗಳ ವ್ಯಾಸ 19 ಅಡಿ, ಆಮೇಲೆ 21 ಅಡಿ. ಎರಡಂತಸ್ತಿನ ಮನೆಯಷ್ಟು ಎತ್ತರದ ರೆಕ್ಕೆಗಳು ತಲೆಯ ಮೇಲೆ ತಿರುಗುತ್ತಿದ್ದವು.

ಯಾರು ಓಡಿಸುತ್ತಿದ್ದರು, ಎಲ್ಲಿಂದ ಎಲ್ಲಿಗೆ?

ಎರಡು ಕಂಪನಿಗಳು. ಬ್ರಿಟಿಷ್ ರೈಲ್ವೆಯ ‘ಸೀಸ್ಪೀಡ್’ 1968ರ ಆಗಸ್ಟ್ 1ರಂದು ಪ್ರಿನ್ಸೆಸ್ ಮಾರ್ಗರೆಟ್‌ನೊಂದಿಗೆ ಡೋವರ್‌ನಿಂದ ಫ್ರಾನ್ಸಿನ ಬುಲೋನ್‌ಗೆ ಸೇವೆ ಆರಂಭಿಸಿತು. ಬುಲೋನ್‌ನಲ್ಲಿ ಹೋವರ್‌ಕ್ರಾಫ್ಟ್ ನಿಲ್ದಾಣದ ಬಾಗಿಲಿಗೇ ರೈಲು ಬಂದು ನಿಲ್ಲುವಂತೆ ಹಳಿ ಹಾಕಿದ್ದರು. ಇಳಿದವರು ನೇರ ಪ್ಯಾರಿಸ್ ರೈಲು ಹತ್ತಬಹುದಿತ್ತು.

ಇನ್ನೊಂದು ಸ್ವೀಡನ್ನಿನ ಹಡಗು ಕಂಪನಿಗಳ ಒಡೆತನದ ‘ಹೋವರ್‌ಲಾಯ್ಡ್’. 1966ರಲ್ಲಿ ಇಂಗ್ಲೆಂಡಿನ ರಾಮ್ಸ್‌ಗೇಟ್ ಬಂದರಿನಿಂದ ‘ಎಸ್‌ಆರ್‌ಎನ್‌6’ ಎಂಬ ಸಣ್ಣ ಹೋವರ್‌ಕ್ರಾಫ್ಟ್‌ಗಳನ್ನು ಓಡಿಸಿ ಶುರುಮಾಡಿದವರು. 1969ರಲ್ಲಿ ಪಕ್ಕದ ಪೆಗ್‌ವೆಲ್ ಕೊಲ್ಲಿಯಲ್ಲಿ ತಮ್ಮದೇ ನಿಲ್ದಾಣ ಕಟ್ಟಿ, ದೊಡ್ಡ ವಾಹನಗಳಿಂದ ಕ್ಯಾಲೆಗೆ ಓಡಾಡಿದರು. ಪೆಗ್‌ವೆಲ್ ಕೊಲ್ಲಿ ಬಂದರಿಗೆ ಯೋಗ್ಯವಾದ ಜಾಗವಲ್ಲ. ಇಳಿತದ ಹೊತ್ತಿನಲ್ಲಿ ನೀರು ಬಹುದೂರ ಹಿಂದೆ ಸರಿದು ಬರೀ ಕೆಸರು ಬಯಲು ಉಳಿಯುತ್ತದೆ. ಹಡಗು ಅಲ್ಲಿಗೆ ಬರುವಂತಿಲ್ಲ. ಹೋವರ್‌ಕ್ರಾಫ್ಟ್‌ಗೆ ಕೆಸರೂ ಒಂದೇ ನೀರೂ ಒಂದೇ, ಅದು ಕೆಸರಿನ ಮೇಲೆಯೇ ಹಾದು ಕಾಂಕ್ರೀಟ್ ಅಂಗಳಕ್ಕೆ ಬಂದು ಕೂರುತ್ತಿತ್ತು. ಈ ವಾಹನದ ನಿಜವಾದ ಬಲ ಏನೆಂದು ಕೇಳುವವರಿಗೆ ನಾನು ವೇಗದ ಮಾತಿಗಿಂತ ಮೊದಲು ಪೆಗ್‌ವೆಲ್ ಕೊಲ್ಲಿಯ ಮಾತು ಹೇಳುತ್ತೇನೆ.

1981ರಲ್ಲಿ ಎರಡೂ ಕಂಪನಿಗಳು ಒಂದಾಗಿ ‘ಹೋವರ್‌ಸ್ಪೀಡ್’ ಆಯಿತು. ಮರುವರ್ಷ ಪೆಗ್‌ವೆಲ್‌ನಿಂದ ಸೇವೆ ನಿಂತು ಎಲ್ಲವೂ ಡೋವರ್‌ಗೆ ಸೇರಿತು.

ಪ್ರಯಾಣ ಹೇಗಿರುತ್ತಿತ್ತು? ಕಾರಿನಲ್ಲೇ ಕೂತಿರಬೇಕಿತ್ತೇ?

ಇಲ್ಲ. ಕಾರಿನ ಅಂಕಣ ವಾಹನದ ನಡುವೆ ಉದ್ದಕ್ಕೂ ಇತ್ತು. ಒಂದು ತುದಿಯ ಬಾಗಿಲಿನಿಂದ ಹತ್ತಿಸಿ, ಆಚೆ ದಡದಲ್ಲಿ ಇನ್ನೊಂದು ತುದಿಯಿಂದ ಇಳಿಸಬಹುದಿತ್ತು, ಹಿಮ್ಮುಖವಾಗಿ ತೆಗೆಯುವ ಗೋಜಿಲ್ಲ. ಕಾರು ನಿಲ್ಲಿಸಿ, ಎರಡು ಬದಿಯ ಕ್ಯಾಬಿನ್‌ಗಳಲ್ಲಿ ಸೀಟು ಹಿಡಿಯಬೇಕು. ಒಳಗಿನ ವ್ಯವಸ್ಥೆ ವಿಮಾನದ ಹಾಗೆ: ಸಾಲು ಆಸನ, ಸಮವಸ್ತ್ರದ ಪರಿಚಾರಿಕೆಯರು, ಸುಂಕವಿಲ್ಲದ ಮದ್ಯ, ಸಿಗರೇಟು, ಅತ್ತರಿನ ಮಾರಾಟ. ಹಡಗಿನ ಹಾಗೆ ಹೊರಗೆ ಬಂದು ಕಟಾಂಜನ ಹಿಡಿದು ನಿಂತು ಕಡಲು ನೋಡುವ ಅವಕಾಶ ಇರಲಿಲ್ಲ.

ಎಂಜಿನ್ ಸದ್ದು ಏರುತ್ತಿದ್ದಂತೆ ಸ್ಕರ್ಟ್ ಉಬ್ಬಿ, ಇಡೀ ವಾಹನ ಕೂತಲ್ಲಿಂದ ಎದ್ದು ನಿಲ್ಲುತ್ತದೆ. ಕೂತವರಿಗೆ ತಾವು ಮೇಲೇರಿದ್ದು ಮೈಗೆ ಗೊತ್ತಾಗುತ್ತದೆ. ಆಮೇಲೆ ಅಂಗಳದಲ್ಲೇ ತಿರುಗಿ, ಇಳಿಜಾರಿನಲ್ಲಿ ಜಾರಿ ನೀರಿಗೆ. ನೆಲ ಮುಗಿದು ನೀರು ಶುರುವಾಗುವ ಗೆರೆ ದಾಟುವಾಗ ಒಳಗಿದ್ದವರಿಗೆ ದೊಡ್ಡ ವ್ಯತ್ಯಾಸವೇನೂ ತಿಳಿಯುವುದಿಲ್ಲ, ಆದರೆ ಕಿಟಕಿಗೆ ನೀರಿನ ತುಂತುರು ಬಡಿದು ಹೊರಗಿನ ನೋಟ ಮಸುಕಾಗುತ್ತದೆ. ಕಡಲಿನ ದೃಶ್ಯ ನೋಡುವ ಆಸೆಯಿಂದ ಹತ್ತಿದವರಿಗೆ ಇದು ನಿರಾಸೆಯೇ.

ದಾಟಲು ಎಷ್ಟು ಹೊತ್ತು?

ಡೋವರ್‌ನಿಂದ ಕ್ಯಾಲೆಗೆ ಸಾಮಾನ್ಯವಾಗಿ 35 ನಿಮಿಷದ ಆಸುಪಾಸು, ರಾಮ್ಸ್‌ಗೇಟ್ ಕಡೆಯಿಂದ 40. ಕಾರು ಸಾಗಿಸುವ ಹಡಗಿಗೆ ಅದೇ ದಾರಿಗೆ ಗಂಟೆ, ಒಂದೂವರೆ ಗಂಟೆ ಬೇಕಿತ್ತು. ದಾಖಲೆ ಪ್ರಿನ್ಸೆಸ್ ಆನ್‌ನದು: 1995ರ ಸೆಪ್ಟೆಂಬರ್ 14ರಂದು 22 ನಿಮಿಷದಲ್ಲಿ ಡೋವರ್‌ನಿಂದ ಕ್ಯಾಲೆ. ಅಂದರೆ ಸರಾಸರಿ ಗಂಟೆಗೆ 100 ಕಿಲೋಮೀಟರಿನ ಹತ್ತಿರದ ವೇಗ, ಅದೂ ಹೊಟ್ಟೆಯಲ್ಲಿ ಕಾರುಗಳನ್ನು ಸಾಗಿಸುವಷ್ಟು ದೊಡ್ಡ ವಾಹನಕ್ಕೆ.

ಹೊರಟ ಕೂಡಲೇ ಅಷ್ಟು ವೇಗ ಬರುತ್ತದೆಯೇ?

ಬರುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಂತ ಹೋವರ್‌ಕ್ರಾಫ್ಟ್‌ನ ಕೆಳಗಿನ ಗಾಳಿಯ ಒತ್ತಡಕ್ಕೆ ಕಡಲಿನ ನೀರು ತಗ್ಗಾಗುತ್ತದೆ. ಚದರ ಮೀಟರಿಗೆ 300 ಕಿಲೋ ಎಂದರೆ ಸುಮಾರು 30 ಸೆಂಟಿಮೀಟರ್ ತಗ್ಗು. ಹೋವರ್‌ಕ್ರಾಫ್ಟ್ ನೀರಿಗೆ ತಾಗದಿದ್ದರೂ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಿಯೇ ಇರುತ್ತದೆ. ಮೆಲ್ಲಗೆ ಹೊರಟಾಗ ಈ ತಗ್ಗೂ ಜೊತೆಗೇ ಬರುತ್ತದೆ, ಮುಂದೆ ಅಲೆಯ ದಿಬ್ಬ ಏಳುತ್ತದೆ. ವಾಹನ ತಾನೇ ಎಬ್ಬಿಸಿದ ದಿಬ್ಬವನ್ನು ತಾನೇ ಹತ್ತಬೇಕಾದ ಸ್ಥಿತಿ. ಅಲ್ಲಿ ಎಂಜಿನ್‌ಗೆ ಕಷ್ಟ, ಸುತ್ತ ನೀರಿನ ತುಂತುರು ಜೋರು. ಶಕ್ತಿ ಕೊಟ್ಟು ಆ ದಿಬ್ಬ ದಾಟಿಬಿಟ್ಟರೆ, ನೀರಿಗೆ ತಗ್ಗಾಗಲು ಸಮಯವೇ ಸಿಗದಷ್ಟು ಬೇಗ ವಾಹನ ಮುಂದೆ ಹೋಗಿರುತ್ತದೆ. ಎಳೆತ ಕಡಿಮೆಯಾಗುತ್ತದೆ, ವೇಗ ಏರುತ್ತದೆ. ಮೆಲ್ಲಗೆ ಹೋಗುವುದಕ್ಕಿಂತ ಬೇಗ ಹೋಗುವುದೇ ಇದಕ್ಕೆ ಸುಲಭ.

ಚುಕ್ಕಾಣಿ ನೀರಿನಲ್ಲಿ ಇಲ್ಲ, ಚಕ್ರವಿಲ್ಲ. ತಿರುಗಿಸುವುದು, ನಿಲ್ಲಿಸುವುದು ಹೇಗೆ?

ನಾಲ್ಕು ಪ್ರೊಪೆಲ್ಲರ್‌ಗಳೂ ಎತ್ತರದ ಕಂಬಗಳ ಮೇಲಿದ್ದವು. ಆ ಕಂಬಗಳೇ ಎಡಕ್ಕೆ ಬಲಕ್ಕೆ ತಿರುಗುತ್ತಿದ್ದವು. ಹಿಂಬದಿಯಲ್ಲಿ ಎರಡು ದೊಡ್ಡ ಬಾಲರೆಕ್ಕೆಗಳು. ಪ್ರೊಪೆಲ್ಲರ್ ಅಲಗಿನ ಓರೆಯನ್ನು ಬದಲಿಸಿ ಹಿಮ್ಮುಖ ಒತ್ತಡ ಕೊಟ್ಟರೆ ಅದೇ ಬ್ರೇಕು. ತೀರಾ ತುರ್ತಾದರೆ ಗಾಳಿ ಇಳಿಸಿ ನೀರಿನ ಮೇಲೆ ಕೂರಿಸಬಹುದು.

ಕೆಳಗೆ ಹಿಡಿತವಿಲ್ಲದ್ದರಿಂದ ಪಕ್ಕದ ಗಾಳಿ ಬೀಸಿದರೆ ಇಡೀ ವಾಹನ ಓರೆಯಾಗಿ ಜಾರುತ್ತದೆ. ಕ್ಯಾಪ್ಟನ್ ಮೂತಿಯನ್ನು ಒಂದು ಕಡೆ ತಿರುಗಿಸಿ ಇನ್ನೊಂದು ಕಡೆಗೆ ಸಾಗಬೇಕು. ಹಡಗುಗಳ ದಟ್ಟಣೆ ವಿಪರೀತವಾಗಿರುವ ಡೋವರ್ ಜಲಸಂಧಿಯಲ್ಲಿ, ಅಡ್ಡಡ್ಡವಾಗಿ, ಅಷ್ಟು ವೇಗದಲ್ಲಿ, ಮಂಜಿನ ದಿನ ರಾಡಾರ್ ನೋಡಿಕೊಂಡು ದಾಟಿಸುತ್ತಿದ್ದವರ ಕೌಶಲಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಅಲೆ ಜೋರಿದ್ದ ದಿನ? ವಾಂತಿ, ತಲೆಸುತ್ತು?

ಶಾಂತ ದಿನದಲ್ಲಿ ಸಣ್ಣ ನಡುಕ ಬಿಟ್ಟರೆ ತೊಂದರೆಯಿಲ್ಲ. ಅಲೆ ಎದ್ದ ದಿನ ಬೇರೆಯೇ ಕಥೆ. ಹಡಗು ಅಲೆಯೊಂದಿಗೆ ಏರಿ ಇಳಿದು ತೂಗುತ್ತದೆ, ಹೋವರ್‌ಕ್ರಾಫ್ಟ್ ಅಲೆಗಳ ತುದಿಯನ್ನು ಬಡಿಯುತ್ತಾ ಹೋಗುತ್ತದೆ. ಸ್ಕರ್ಟ್ ಎಷ್ಟೇ ತಡೆದುಕೊಂಡರೂ ಕುಲುಕಾಟ ತಪ್ಪದು, ವಾಂತಿ ಚೀಲಗಳಿಗೆ ಕೈ ಹೋಗುತ್ತಿತ್ತು. ಉದ್ದ ಹೆಚ್ಚಿಸಿದ ಎರಡು ವಾಹನಗಳಲ್ಲಿ ಸ್ಕರ್ಟನ್ನೂ ಆಳ ಮಾಡಿದ್ದರಿಂದ ಸವಾರಿ ಸಾಕಷ್ಟು ಸುಧಾರಿಸಿತು. ಅಲೆ ಮೂರು ಮೀಟರ್ ದಾಟಿ ಏಳುವ ಬಿರುಗಾಳಿಯಲ್ಲಿ ಸೇವೆ ರದ್ದು. ಚಳಿಗಾಲದಲ್ಲಿ ಹೀಗೆ ರದ್ದಾಗುವುದು ಹೆಚ್ಚು. ದೊಡ್ಡ ಹಡಗುಗಳು ಅಂಥ ದಿನವೂ ಹೋಗುತ್ತಿದ್ದವು, ಇದು ನಿಜವಾದ ಕೊರತೆ.

ಕಡಲ ನಡುವೆ ಎಂಜಿನ್ ನಿಂತರೆ ಮುಳುಗುತ್ತದೆಯೇ?

ಮುಳುಗುವುದಿಲ್ಲ. ತಳದಲ್ಲಿ ನೀರು ನುಗ್ಗದ ಬಿಡಿಬಿಡಿ ಕೋಣೆಗಳಿದ್ದವು, ವಾಹನ ದೋಣಿಯಂತೆ ತೇಲುತ್ತಿತ್ತು. ನಾಲ್ಕರಲ್ಲಿ ಒಂದು ಎಂಜಿನ್ ಕೈಕೊಟ್ಟರೂ ಉಳಿದವುಗಳಿಂದ ದಡ ಸೇರಬಹುದಿತ್ತು.

ಅಪಘಾತಗಳು ಆಗಿದ್ದವೇ?

ಆಗಿದ್ದವು. 1985ರ ಮಾರ್ಚ್ 30ರಂದು ಪ್ರಿನ್ಸೆಸ್ ಮಾರ್ಗರೆಟ್ ಬಿರುಸಾದ ಗಾಳಿಯಲ್ಲಿ ಡೋವರ್ ಬಂದರನ್ನು ಪ್ರವೇಶಿಸುವಾಗ ಕಲ್ಲಿನ ತಡೆಗೋಡೆಗೆ ಅಪ್ಪಳಿಸಿತು. ಬದಿ ಸೀಳಿ ಪ್ರಯಾಣಿಕರು ನೀರಿಗೆ ಬಿದ್ದರು, ನಾಲ್ವರು ಸತ್ತರು. ಪಕ್ಕದ ಗಾಳಿಗೆ ಜಾರುವ ಗುಣ, ಕಿರಿದಾದ ಬಂದರಿನ ಬಾಯಿ, ಇವೆರಡೂ ಸೇರಿದರೆ ಎಷ್ಟು ಅಪಾಯ ಎಂಬುದನ್ನು ಈ ದುರಂತ ತೋರಿಸಿತು. ಅದಕ್ಕೂ ಮೊದಲು, 1972ರ ಮಾರ್ಚ್ 4ರಂದು, ಇಂಗ್ಲೆಂಡಿನ ಸೌತ್‌ಸೀ ದಡದ ಹತ್ತಿರ ಸಣ್ಣ ಎಸ್‌ಆರ್‌ಎನ್‌6 ಒಂದು ಮಗುಚಿ ಐವರು ತೀರಿಕೊಂಡರು.

ಫ್ರೆಂಚರು ತಮ್ಮದೇ ಕಟ್ಟಲಿಲ್ಲವೇ?

ಕಟ್ಟಿದರು. ‘ನಾವಿಪ್ಲೇನ್ ಎನ್500’ ಎಂದು ಎರಡು. 400 ಜನ, 50ಕ್ಕೂ ಹೆಚ್ಚು ಕಾರು ಹಿಡಿಸುವ ಗಾತ್ರ. ಇದರ ಹಿಂದಿದ್ದ ಎಂಜಿನಿಯರ್ ಜ್ಯಾಂ ಬೆರ್ತ್ಯಾಂ, ಗಾಳಿಯ ಮೆತ್ತೆಯ ಮೇಲೆ ಓಡುವ ‘ಏರೋಟ್ರೇನ್’ ರೈಲಿನ ಕನಸು ಕಂಡವರು. 1975ರಲ್ಲಿ ಅವರು ತೀರಿಕೊಂಡರು, ತಮ್ಮ ಹೋವರ್‌ಕ್ರಾಫ್ಟ್ ಕಡಲಿಗಿಳಿದದ್ದನ್ನು ನೋಡಲಿಲ್ಲ. ಎರಡರಲ್ಲಿ ‘ಕೋತ್ ದಾರ್ಜಾಂ’ 1977ರಲ್ಲಿ, ಸೇವೆಗೆ ಬರುವ ಮೊದಲೇ ಬೆಂಕಿಗೆ ಆಹುತಿಯಾಯಿತು. ಬೆರ್ತ್ಯಾಂ ಹೆಸರನ್ನೇ ಇಟ್ಟ ಇನ್ನೊಂದು 1978ರಿಂದ ಬುಲೋನ್ ಮತ್ತು ಡೋವರ್ ನಡುವೆ ಓಡಿತು, ಆದರೆ ದುರಸ್ತಿಯ ಕಾಟ ತಪ್ಪಲಿಲ್ಲ. 1983ರಲ್ಲಿ ನಿಂತಿತು, ಎರಡು ವರ್ಷದಲ್ಲಿ ಗುಜರಿಗೆ ಹೋಯಿತು.

ಸದ್ದು ತುಂಬಾ ಇತ್ತೇ?

ಇತ್ತು, ಬಹಳ ಇತ್ತು. ದಡದ ಊರಿನವರಿಗೆ ಹೋವರ್‌ಕ್ರಾಫ್ಟ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು.

ಇಷ್ಟು ವೇಗದ ಸೇವೆ ನಿಂತದ್ದು ಯಾಕೆ? ಕಡಲಡಿಯ ರೈಲು ಸುರಂಗ ಬಂದದ್ದರಿಂದಲೇ?

ಸುರಂಗ ದೊಡ್ಡ ಕಾರಣ, ಒಂದೇ ಕಾರಣವಲ್ಲ. ಎಸ್‌ಆರ್‌ಎನ್‌4 ಹುಟ್ಟಿದ್ದು ಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ. 1973ರ ಎಣ್ಣೆ ಬಿಕ್ಕಟ್ಟಿನ ನಂತರ ನಾಲ್ಕು ಗ್ಯಾಸ್ ಟರ್ಬೈನ್‌ಗಳಿಗೆ ಇಂಧನ ಉಣಿಸುವುದು ಕಷ್ಟದ ಲೆಕ್ಕವಾಯಿತು. ಇದೇ ಕಾರಣಕ್ಕೆ ಬೇರೆ ದೇಶಗಳು ಕೊಳ್ಳಲು ಮುಂದೆ ಬರಲಿಲ್ಲ. ಆರಕ್ಕಿಂತ ಹೆಚ್ಚು ಕಟ್ಟಲೇ ಇಲ್ಲವಾದ್ದರಿಂದ ಬಿಡಿಭಾಗಗಳ ತಯಾರಿಯೂ ದುಬಾರಿ. ಕೊನೆಯ ವರ್ಷಗಳಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಅವುಗಳ ಭಾಗಗಳಿಂದ ಉಳಿದವನ್ನು ನಡೆಸಬೇಕಾಯಿತು.

1990ರ ದಶಕದಲ್ಲಿ ಡೀಸೆಲ್‌ನಲ್ಲಿ ಓಡುವ ದೊಡ್ಡ ವೇಗದ ಕ್ಯಾಟಮರಾನ್‌ಗಳು, ಅಂದರೆ ಜೋಡಿ ಒಡಲಿನ ಹಡಗುಗಳು, ಬಂದವು. ವೇಗ ಸ್ವಲ್ಪ ಕಡಿಮೆ, ಖರ್ಚು ಬಹಳ ಕಡಿಮೆ, ಕಾರು ಹೆಚ್ಚು. ಹೋವರ್‌ಸ್ಪೀಡ್ ಕಂಪನಿಯೇ ಅವುಗಳನ್ನು ತಂದು ಓಡಿಸಿತು. 1994ರಲ್ಲಿ ಸುರಂಗ ತೆರೆಯಿತು. ಕಾರನ್ನು ರೈಲಿಗೆ ಹತ್ತಿಸಿದರೆ ಸುಮಾರು 35 ನಿಮಿಷದಲ್ಲಿ ಆಚೆ ದಡ, ಅಲೆಯ ಚಿಂತೆಯಿಲ್ಲ, ರದ್ದಾಗುವ ಭಯ ಕಡಿಮೆ. ಈ ದಾರಿಯಲ್ಲಿ ಹೋವರ್‌ಕ್ರಾಫ್ಟ್‌ಗಿದ್ದ ದೊಡ್ಡ ಅನುಕೂಲ, ಸಮಯದ ಉಳಿತಾಯ, ಅಲ್ಲಿಗೆ ಹೋಯಿತು. 1999ರ ಜುಲೈ 1ರಿಂದ ಯುರೋಪಿಯನ್ ಒಕ್ಕೂಟದ ದೇಶಗಳ ನಡುವಿನ ಪ್ರಯಾಣದಲ್ಲಿ ಸುಂಕರಹಿತ ಮಾರಾಟ ರದ್ದಾಯಿತು. ಆ ಮಾರಾಟದ ಆದಾಯವನ್ನು ನೆಚ್ಚಿಕೊಂಡಿದ್ದ ಕಡಲ ಸೇವೆಗಳಿಗೆ ಇದು ಪೆಟ್ಟು. 2000ದ ಅಕ್ಟೋಬರ್ 1ರಂದು ಕೊನೆಯ ಪ್ರಯಾಣ.

ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಎರಡು ದೇಶಗಳ ನಡುವೆ ಸುಮಾರು 35 ಕಿಲೋಮೀಟರ್ ಕಡಲು, ಎರಡೂ ಕಡೆ ಕಾರಿಟ್ಟುಕೊಂಡ ಜನ, ನಡುವೆ ನಿಧಾನದ ಹಡಗು. ಆ ಕಾಲಕ್ಕೆ ಆ ಜಾಗಕ್ಕೆ ಹೋವರ್‌ಕ್ರಾಫ್ಟ್ ಸರಿಯಾದ ಉತ್ತರವಾಗಿತ್ತು. ನೆಲದಡಿ ದಾರಿಯಾದ ಮೇಲೆ ಪ್ರಶ್ನೆಯೇ ಬದಲಾಯಿತು.

ಆ ಆರರಲ್ಲಿ ಈಗ ಎಷ್ಟು ಉಳಿದಿವೆ?

ಒಂದೇ ಒಂದು. ಪ್ರಿನ್ಸೆಸ್ ಆನ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೀ-ಆನ್-ದ-ಸೋಲೆಂಟ್‌ನಲ್ಲಿ, ಹಿಂದೆ ನೌಕಾಪಡೆಯ ವಿಮಾನ ನೆಲೆಯಾಗಿದ್ದ ಜಾಗದಲ್ಲಿ, ಹೋವರ್‌ಕ್ರಾಫ್ಟ್ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ನಿಂತಿದೆ. 2016ರಲ್ಲಿ ಅದನ್ನೂ ಒಡೆಯುವ ಮಾತು ಬಂದಾಗ ಸಾವಿರಾರು ಜನ ಸಹಿ ಹಾಕಿ ಉಳಿಸಿಕೊಂಡರು. ಜೊತೆಯ ಪ್ರಿನ್ಸೆಸ್ ಮಾರ್ಗರೆಟ್ ಉಳಿಯಲಿಲ್ಲ, 2018ರಲ್ಲಿ ಕಳಚಿದರು. ಇಂಗ್ಲೆಂಡಿನಲ್ಲಿರುವ, ಅಲ್ಲಿಗೆ ಹೋಗುವ ಕನ್ನಡಿಗರಿಗೆ ನನ್ನ ವಿನಂತಿ: ಸಂಗ್ರಹಾಲಯ ತೆರೆದಿರುವ ದಿನ ನೋಡಿಕೊಂಡು ಒಮ್ಮೆ ಹೋಗಿ. ಚಿತ್ರದಲ್ಲಿ ಅದರ ಗಾತ್ರ ಗೊತ್ತಾಗುವುದಿಲ್ಲ, ಪ್ರೊಪೆಲ್ಲರ್ ಕೆಳಗೆ ನಿಂತರೆ ಗೊತ್ತಾಗುತ್ತದೆ.

ಈಗಲೂ ಎಲ್ಲಾದರೂ ಹೋವರ್‌ಕ್ರಾಫ್ಟ್‌ನಲ್ಲಿ ಕಡಲು ದಾಟಬಹುದೇ?

ಕಾರಿನ ಜೊತೆ ಆಗುವುದಿಲ್ಲ, ನೀವು ಮಾತ್ರ ದಾಟಬಹುದು. ಪೋರ್ಟ್ಸ್‌ಮತ್ ಪಕ್ಕದ ಸೌತ್‌ಸೀಯಿಂದ ಐಲ್ ಆಫ್ ವೈಟ್‌ನ ರೈಡ್‌ಗೆ ‘ಹೋವರ್‌ಟ್ರಾವೆಲ್’ ಕಂಪನಿ 1965ರಿಂದ ಓಡಿಸುತ್ತಿದೆ. ಹತ್ತು ನಿಮಿಷದ ದಾರಿ. ಈಗಿನ ವಾಹನಗಳದ್ದು ಡೀಸೆಲ್ ಎಂಜಿನ್. ಅಲ್ಲಿ ಮಾತ್ರ ಈ ಸೇವೆ ಗಟ್ಟಿಯಾಗಿ ಉಳಿದದ್ದಕ್ಕೆ ಕಾರಣ ಪೆಗ್‌ವೆಲ್ ಕೊಲ್ಲಿಯದೇ. ರೈಡ್‌ನ ದಡ ಬಹಳ ಚಪ್ಪಟೆ, ಇಳಿತದಲ್ಲಿ ನೀರು ದೂರ ಹೋಗುತ್ತದೆ. ದೋಣಿಗಳಿಗೆಂದು ಅಲ್ಲಿ ಸುಮಾರು 700 ಮೀಟರ್ ಉದ್ದದ ಕಟ್ಟೆಯನ್ನು ಕಡಲೊಳಗೆ ಚಾಚಬೇಕಾಯಿತು. ಹೋವರ್‌ಕ್ರಾಫ್ಟ್ ಮಾತ್ರ ಊರಿನ ಬಸ್ ನಿಲ್ದಾಣದ ಪಕ್ಕಕ್ಕೇ ಬಂದು ಇಳಿಸುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ವಿಮಾನ ನಿಲ್ದಾಣದಿಂದ ಸ್ವೀಡನ್ನಿನ ಮಾಲ್ಮೊಗೆ ಒಂದು ದಶಕ ಓಡಿದ ಸೇವೆ 1994ರಲ್ಲಿ ನಿಂತಿತು. ಜಪಾನಿನ ಓಯಿಟಾದಲ್ಲಿ 1971ರಿಂದ 2009ರವರೆಗೆ ವಿಮಾನ ನಿಲ್ದಾಣಕ್ಕೆ ಹೋವರ್‌ಕ್ರಾಫ್ಟ್ ಇತ್ತು. ಈಗ ಅಲ್ಲಿ ಹೊಸ ವಾಹನಗಳನ್ನು ತಂದು ಮತ್ತೆ ಶುರುಮಾಡಿದ್ದಾರೆ.

ಭಾರತದಲ್ಲಿ ಹೋವರ್‌ಕ್ರಾಫ್ಟ್ ಇದೆಯೇ?

ಕರಾವಳಿ ಕಾವಲು ಪಡೆಯ ಬಳಿ ಇದೆ. ಗುಜರಾತಿನ ಜಖೌ, ತಮಿಳುನಾಡಿನ ಮಂಡಪಂ, ಬಂಗಾಳದ ಹಲ್ದಿಯಾ ಕಡೆಗಳಲ್ಲಿ ಗಸ್ತಿಗೆ ಬಳಸುತ್ತಾರೆ. ಈ ಮೂರೂ ಜಾಗಗಳನ್ನು ನಕ್ಷೆಯಲ್ಲಿ ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ: ಕಚ್ಛದ ಕೆಸರು ಕಾಲುವೆಗಳು, ಪಾಕ್ ಜಲಸಂಧಿಯ ಆಳವಿಲ್ಲದ ನೀರು, ಹೂಗ್ಲಿಯ ಮುಖದ ಮರಳು ದಿಬ್ಬಗಳು. ಮೊದಲಿನವು ಬ್ರಿಟನ್ನಿನ ಗ್ರಿಫನ್ ಕಂಪನಿಯ ವಿನ್ಯಾಸ. 2024ರ ಅಕ್ಟೋಬರ್‌ನಲ್ಲಿ ಇನ್ನೂ ಆರನ್ನು ಇಲ್ಲೇ ಕಟ್ಟಲು ಗೋವಾದ ಚೌಗುಲೆ ಕಂಪನಿಯೊಂದಿಗೆ ರಕ್ಷಣಾ ಸಚಿವಾಲಯ ಒಪ್ಪಂದ ಮಾಡಿಕೊಂಡಿತು.

ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಕಾರು ಹೊರುವ ಹೋವರ್‌ಕ್ರಾಫ್ಟ್ ಓಡಿಸಬಹುದಿತ್ತಲ್ಲ?

ಕೇಳಲು ಚೆನ್ನ, ಆದರೆ ಆಗದ ಮಾತು. ಕವರತ್ತಿ ಮಂಗಳೂರಿನಿಂದ 300 ಕಿಲೋಮೀಟರಿಗೂ ಆಚೆ. ಹೋವರ್‌ಕ್ರಾಫ್ಟ್ ಎತ್ತಿನಿಂತಿರಲೆಂದೇ ಪ್ರತಿ ನಿಮಿಷ ಇಂಧನ ಸುಡುತ್ತದೆ, ದಾರಿ ಉದ್ದವಾದಷ್ಟೂ ಹೊರುವ ಎಣ್ಣೆ ಹೆಚ್ಚಾಗಿ ಜನರಿಗೂ ಕಾರಿಗೂ ಜಾಗ ಉಳಿಯುವುದಿಲ್ಲ. ಮಳೆಗಾಲದ ಅರಬ್ಬೀ ಸಮುದ್ರದ ಅಲೆಗಳ ಮುಂದೆ ಎಸ್‌ಆರ್‌ಎನ್‌4 ವಾರಗಟ್ಟಲೆ ದಡದಲ್ಲೇ ಕೂರಬೇಕಾಗುತ್ತಿತ್ತು. ಮೇಲಾಗಿ ಅಷ್ಟು ಸಣ್ಣ ದ್ವೀಪಕ್ಕೆ ಕಾರು ಒಯ್ದು ಮಾಡುವುದಾದರೂ ಏನು? ಈ ವಾಹನಕ್ಕೆ ಒಗ್ಗುವುದು ಹತ್ತರಿಂದ ಐವತ್ತು ಕಿಲೋಮೀಟರಿನ, ದೊಡ್ಡ ಅಲೆಗಳಿಂದ ಮರೆಯಿರುವ ನೀರು. ಗುಜರಾತಿನ ಖಂಭಾತ್ ಕೊಲ್ಲಿಯಂಥ, ಉಬ್ಬರವಿಳಿತ ವಿಪರೀತವಾಗಿ ದಡದಲ್ಲಿ ಕೆಸರು ಹರಡುವ ಜಾಗದ ಬಗ್ಗೆ ಯಾರಾದರೂ ಕೇಳಿದ್ದರೆ ನನ್ನ ಉತ್ತರ ಇಷ್ಟು ಕಡ್ಡಿಮುರಿದಂತೆ ಇರುತ್ತಿರಲಿಲ್ಲ.

ಅಷ್ಟು ದೊಡ್ಡದು ಇನ್ನು ಬರುವುದೇ ಇಲ್ಲವೇ?

ಸೇನೆಗಳ ಬಳಿ ಈಗಲೂ ಇದೆ. ಸೋವಿಯತ್ ಕಾಲದಲ್ಲಿ ವಿನ್ಯಾಸಗೊಂಡ ‘ಜುಬ್ರ್’ 57 ಮೀಟರ್ ಉದ್ದ, 500 ಟನ್ ಮೀರಿದ ತೂಕ, ಟ್ಯಾಂಕುಗಳನ್ನೇ ಹೊತ್ತು ಮರಳ ದಡಕ್ಕೆ ಏರುತ್ತದೆ. ಅಂದರೆ ತಾಂತ್ರಿಕವಾಗಿ ಅಡ್ಡಿಯಿಲ್ಲ. ಟಿಕೆಟ್ ಕೊಂಡು ಹತ್ತುವ ಜನರಿಗಾಗಿ ಕಟ್ಟಬೇಕಾದರೆ ಮೂರು ಸಂಗತಿ ಒಂದೇ ಜಾಗದಲ್ಲಿ ಕೂಡಿಬರಬೇಕು: ಸೇತುವೆ, ಸುರಂಗ ಕಟ್ಟಲಾಗದ ಕಿರಿದಾದ ಕಡಲು, ಹಡಗು ಹತ್ತಿರ ಬರಲಾಗದ ಚಪ್ಪಟೆ ದಡ, ದಿನವಿಡೀ ಕಾರು ತಂದು ಸಾಲು ನಿಲ್ಲುವ ಜನ. ಮೊದಲೆರಡು ಇರುವ ಜಾಗ ಲೋಕದಲ್ಲಿ ಸಾಕಷ್ಟಿವೆ. ಮೂರನೆಯದೂ ಇರುವ ಕಡೆ ಸಾಮಾನ್ಯವಾಗಿ ಸೇತುವೆಗೆ ಹಣ ಸಿಕ್ಕಿಬಿಡುತ್ತದೆ.